ಸೇಬಿನ ಚಹಾಕ್ಕೆ ಹುಳಿ ಎಲ್ಲಿಂದ?

ಪ್ರಶ್ನೆ: ಟರ್ಕಿ ಪ್ರವಾಸಕ್ಕೆ ಹೋಗಿದ್ದಾಗ ಇಸ್ತಾನ್‌ಬುಲ್‌ನ ರತ್ನಗಂಬಳಿ ಅಂಗಡಿಯೊಂದರಲ್ಲಿ ನಮ್ಮನ್ನು ಕೂರಿಸಿ, ಸಣ್ಣ ಗಾಜಿನ ಲೋಟದಲ್ಲಿ ಬಿಸಿಬಿಸಿ ಸೇಬಿನ ಚಹಾ ಕೊಟ್ಟರು. ಮನೆಯವರಿಗೆಲ್ಲ ಬಹಳ ಹಿಡಿಸಿತು. ಅಲ್ಲಿಂದ ತಂದ ಪುಡಿಯ ಡಬ್ಬಿ ಈಗ ಖಾಲಿಯಾಗಿದೆ. ಸೇಬು ಹೆಚ್ಚಿ, ಚಹಾ ಪುಡಿ, ಚಕ್ಕೆ, ಲವಂಗ, ಏಲಕ್ಕಿ ಎಲ್ಲ ಹಾಕಿ ಕುದಿಸಿ ನೋಡಿದೆ. ಆ ರುಚಿ ಬರಲೇ ಇಲ್ಲ. ಹಾಲು ಬೆರೆಸಿದರೆ ಒಡೆದುಹೋಯಿತು. ಅದರಲ್ಲಿ ಚಹಾ ಪುಡಿ ಇರುತ್ತದೆಯೋ ಇಲ್ಲವೋ? ಮನೆಯಲ್ಲಿ ಮಾಡುವ ಸರಿಯಾದ ಕ್ರಮ ತಿಳಿಸಿ.
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕುಡಿದು ಮರೆಯದೆ, ಮಾಡಿ ನೋಡಿ, ಬಾರದಿದ್ದಾಗ ಯಾಕೆಂದು ಕೇಳಿದ್ದೀರಿ. ಬಹಳ ಸಂತೋಷ. ನಿಮ್ಮ ಪತ್ರದಲ್ಲಿ ಮೂರು ಸಂದೇಹಗಳಿವೆ: ಚಹಾ ಪುಡಿ ಬೇಕೇ, ಹಾಲು ಯಾಕೆ ಒಡೆಯಿತು, ಅಂಗಡಿಯ ರುಚಿ ಮನೆಯಲ್ಲಿ ಯಾಕೆ ಬರಲಿಲ್ಲ. ಮೂರಕ್ಕೂ ಸೇಬಿನ ಹುಳಿಯೊಂದಿಗೆ ಸಂಬಂಧವಿದೆ. ಆದ್ದರಿಂದ ಹುಳಿಯ ವಿಚಾರವನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಚಹಾ ಪುಡಿಯ ಪ್ರಶ್ನೆ. ನೀವು ಅಂಗಡಿಯಲ್ಲಿ ಕುಡಿದ, ಡಬ್ಬಿಯಲ್ಲಿ ತಂದ ಸೇಬಿನ ಚಹಾದಲ್ಲಿ ಸಾಮಾನ್ಯವಾಗಿ ಚಹಾದ ಎಲೆ ಇರುವುದೇ ಇಲ್ಲ. ಅದರಲ್ಲಿ ಕೆಫೀನ್ ಕೂಡ ಇರುವುದಿಲ್ಲ. ರಾತ್ರಿ ಕುಡಿದರೂ ನಿದ್ದೆ ಕೆಡುವುದಿಲ್ಲ. ಡಬ್ಬಿ ಇನ್ನೂ ಇದ್ದರೆ ಅದರ ಮೇಲಿನ ಪದಾರ್ಥಗಳ ಪಟ್ಟಿ ನೋಡಿ. ಇಂಥ ಪುಡಿಗಳಲ್ಲಿ ಮೊದಲ ಹೆಸರು ಸಕ್ಕರೆಯದು, ಅದರ ಹಿಂದೆಯೇ ಸಿಟ್ರಿಕ್ ಆಮ್ಲ ಅಥವಾ ಮ್ಯಾಲಿಕ್ ಆಮ್ಲ, ಆಮೇಲೆ ಸೇಬಿನ ಪರಿಮಳ. ಬಿಸಿನೀರಿಗೆ ಎರಡು ಚಮಚ ಹಾಕಿ ಕಲಕಿದರೆ ಸಿದ್ಧ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಈ ಪುಡಿಯನ್ನು ಹಣ್ಣಿನ ಕಷಾಯವೆಂದು ತಿಳಿದು ಧಾರಾಳವಾಗಿ ಕೊಡಬೇಡಿ.

ಇಲ್ಲಿ ಹಲವು ಪ್ರವಾಸಿಗರಿಗೆ ಆಗುವ ಒಂದು ಗೊಂದಲವನ್ನೂ ಬಿಡಿಸಿಬಿಡೋಣ. ಟರ್ಕಿಯ ಜನ ದಿನವಿಡೀ ಸೇಬಿನ ಚಹಾ ಕುಡಿಯುತ್ತಾರೆಂದು ನಾವು ಭಾವಿಸುತ್ತೇವೆ. ಹಾಗೆ ಭಾವಿಸುವುದು ಸಹಜವೇ, ಏಕೆಂದರೆ ನಮಗೆ ಅಲ್ಲಿ ಸಿಕ್ಕಿದ್ದು ಅದೇ. ಆದರೆ ಅವರ ನಿತ್ಯದ ಪೇಯ ಹಾಲಿಲ್ಲದ ಕಪ್ಪು ಚಹಾ. ತಲಾವಾರು ಲೆಕ್ಕದಲ್ಲಿ ಅತಿ ಹೆಚ್ಚು ಚಹಾ ಬಳಸುವ ದೇಶಗಳಲ್ಲಿ ಟರ್ಕಿಯ ಹೆಸರೇ ಮುಂದೆ. ಈ ಅಭ್ಯಾಸ ಬಹಳ ಹಳೆಯದೇನೂ ಅಲ್ಲ. ಆಟೊಮನ್ ಸಾಮ್ರಾಜ್ಯಕ್ಕೆ ಕಾಫಿ ಬರುತ್ತಿದ್ದುದು ಯೆಮೆನ್‌ನಿಂದ. ಮೊದಲ ಮಹಾಯುದ್ಧದ ನಂತರ ಯೆಮೆನ್ ಕೈತಪ್ಪಿತು, ಕಾಫಿ ದುಬಾರಿಯಾಯಿತು. ಹೊಸ ಗಣರಾಜ್ಯ ತನ್ನ ನೆಲದಲ್ಲೇ ಬೆಳೆಯಬಲ್ಲ ಚಹಾದ ಕಡೆ ತಿರುಗಿತು. ಕಪ್ಪು ಸಮುದ್ರದ ದಂಡೆಯ ರಿಜೆ ಪ್ರಾಂತ್ಯದಲ್ಲಿ ಚಹಾ ಕೃಷಿಗೆ ಅವಕಾಶ ಕೊಡುವ ಕಾನೂನು 1924ರಲ್ಲಿ ಬಂತು. ಕೃಷಿತಜ್ಞ ಜಿಹ್ನಿ ದೆರಿನ್ ಅವರ ಶ್ರಮದಿಂದ ತೋಟಗಳೆದ್ದವು. 1947ರಲ್ಲಿ ರಿಜೆಯಲ್ಲಿ ಚಹಾ ಕಾರ್ಖಾನೆ ಶುರುವಾಯಿತು. ಸೇಬಿನ ಚಹಾದ ಪುಡಿಯಾದರೋ ಮುಖ್ಯವಾಗಿ ಪ್ರವಾಸಿಗರಿಗಾಗಿಯೇ ಬೆಳೆದ ಸರಕು. ಕಪ್ಪು ಚಹಾದ ಒಗರು ಒಗ್ಗದವರಿಗೆ ಸಿಹಿಯಾದ, ಬಿಸಿಯಾದ, ಎಲ್ಲರೂ ಒಪ್ಪುವ ಆತಿಥ್ಯ.

ಹಾಗೆಂದು ಸೇಬು ಕುದಿಸಿ ಕುಡಿಯುವ ರೂಢಿ ಅಲ್ಲಿನ ಮನೆಗಳಲ್ಲಿ ಇಲ್ಲವೆಂದಲ್ಲ. ಚಳಿಗಾಲದಲ್ಲಿ, ವಿಶೇಷವಾಗಿ ನೆಗಡಿ ಕೆಮ್ಮು ಇದ್ದಾಗ, ಸೇಬಿನ ಹೋಳು ಅಥವಾ ಒಣಗಿಸಿದ ಸಿಪ್ಪೆಗೆ ಚಕ್ಕೆ ಮತ್ತು ಲವಂಗ ಹಾಕಿ, ಕೆಲವರು ಲಿಂಡೆನ್ ಮರದ ಒಣಹೂವನ್ನೂ ಶುಂಠಿಯನ್ನೂ ಸೇರಿಸಿ ಕಷಾಯ ಮಾಡುತ್ತಾರೆ. ಇಸ್ಪಾರ್ಟಾ, ಅಮಾಸ್ಯಾದಂಥ ಕಡೆ ಸೇಬು ಹೇರಳ. ನೀವು ಮನೆಯಲ್ಲಿ ಮಾಡಲು ಹೊರಟಿರುವುದು ಈ ಮನೆಯ ಕಷಾಯದ ಜಾತಿಯದು, ಕುಡಿದು ಬಂದದ್ದು ಅಂಗಡಿಯ ಪುಡಿ. ಎರಡೂ ಒಂದೇ ರುಚಿ ಕೊಡಲಾರವು. ನನ್ನನ್ನು ಕೇಳಿದರೆ ಮನೆಯದೇ ಮೇಲು.

ಈಗ ರುಚಿ ಯಾಕೆ ಬರಲಿಲ್ಲ ಎಂಬುದು. ಪುಡಿಯಲ್ಲಿ ನಾಲಿಗೆಗೆ ಮೊದಲು ತಟ್ಟುವುದು ಮಸಾಲೆಯಲ್ಲ, ಹುಳಿ. ಆ ಹುಳಿಯ ಬೆನ್ನಿಗೆ ಸಿಹಿ ಬರುತ್ತದೆ, ಸೇಬಿನ ವಾಸನೆ ಮೂಗಿಗೆ ಸಿಗುತ್ತದೆ. ನೀವು ಹುಳಿಯ ಜಾಗದಲ್ಲಿ ಏಲಕ್ಕಿ, ಲವಂಗ ತುಂಬಿದಿರಿ. ಅದರ ಮೇಲೆ ಚಹಾ ಪುಡಿಯ ಒಗರೂ ಬಂತು. ನಮ್ಮ ಕೈ ಮಸಾಲೆ ಚಹಾಕ್ಕೆ ಪಳಗಿದೆ, ಹೀಗಾಗುವುದು ಸಹಜ.

ಸೇಬಿನ ಸಹಜ ಹುಳಿ ಬರುವುದು ಮ್ಯಾಲಿಕ್ ಆಮ್ಲದಿಂದ. ಇದು ನಿಂಬೆಯ ಹುಳಿಯಂತೆ ತಟ್ಟನೆ ಹೊಡೆದು ಮಾಯವಾಗುವುದಿಲ್ಲ, ನಾಲಿಗೆಯ ಮೇಲೆ ನಿಧಾನವಾಗಿ ಉಳಿಯುತ್ತದೆ. ನಮ್ಮ ಪೇಟೆಯಲ್ಲಿ ಹೆಚ್ಚಾಗಿ ಸಿಗುವ ಕೆಂಪು ಡೆಲಿಷಿಯಸ್ ಜಾತಿಯ ಸೇಬಿನಲ್ಲಿ ಈ ಹುಳಿ ಮೊದಲೇ ಕಡಿಮೆ. ಇನ್ನೊಂದು ಸಂಗತಿ ಅನೇಕರ ಗಮನಕ್ಕೆ ಬರುವುದಿಲ್ಲ: ಕಿತ್ತ ಮೇಲೂ ಸೇಬು ಉಸಿರಾಡುತ್ತಲೇ ಇರುತ್ತದೆ, ಆ ಉಸಿರಾಟಕ್ಕೆ ತನ್ನೊಳಗಿನ ಮ್ಯಾಲಿಕ್ ಆಮ್ಲವನ್ನೇ ಖರ್ಚು ಮಾಡುತ್ತದೆ. ಹಿಮಾಚಲ, ಕಾಶ್ಮೀರಗಳ ಹೊಸ ಫಸಲು ಬರುವ ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಹಣ್ಣಿಗೂ ಶೀತಲ ಗೃಹದಲ್ಲಿ ತಿಂಗಳುಗಟ್ಟಲೆ ಇದ್ದು ಏಪ್ರಿಲ್‌ನಲ್ಲಿ ಬರುವ ಹಣ್ಣಿಗೂ ಹುಳಿಯಲ್ಲಿ ವ್ಯತ್ಯಾಸ ಇರುವುದು ಇದರಿಂದಲೇ. ಕಚ್ಚಿದರೆ ಹಿಟ್ಟುಹಿಟ್ಟಾಗಿರುವ ಹಣ್ಣಿನಿಂದ ಒಳ್ಳೆಯ ಚಹಾ ಆಗದು.

ಆದ್ದರಿಂದ ಹಣ್ಣು ಆರಿಸುವಾಗ ಒಂದು ಸಿಹಿ, ಒಂದು ಹುಳಿ ಎಂದು ತೆಗೆದುಕೊಳ್ಳಿ. ಸಿಹಿಗೆ ಯಾವುದೇ ಕೆಂಪು ಸೇಬು ಆದೀತು. ಹುಳಿಗೆ ಗ್ರ್ಯಾನಿ ಸ್ಮಿತ್ ಎಂಬ ಹಸಿರು ಸೇಬು, ಈಗ ದೊಡ್ಡ ಹಣ್ಣಿನಂಗಡಿಗಳಲ್ಲಿ ಸಿಗುತ್ತದೆ. ಅದು ಸಿಗದಿದ್ದರೆ ಎರಡೂ ಕೆಂಪು ಸೇಬನ್ನೇ ಹಾಕಿ, ಕೊನೆಗೆ ನಿಂಬೆರಸ ಸ್ವಲ್ಪ ಹೆಚ್ಚು ಹಿಂಡಿ. ಮಲೆನಾಡಿನವರಾದ ನಿಮಗೆ ಪುನರ್ಪುಳಿ ಹಾಕಿದರೆ ಹೇಗೆಂದು ಅನ್ನಿಸಬಹುದು. ಬೇಡ. ಪುನರ್ಪುಳಿ, ಹುಣಸೆ ಎರಡಕ್ಕೂ ತಮ್ಮದೇ ಜೋರು ರುಚಿಯಿದೆ, ಸೇಬು ಅದರಡಿ ಕಾಣದಾಗುತ್ತದೆ.

ಮಾಡುವ ಕ್ರಮ ಹೀಗೆ. ಮಧ್ಯಮ ಗಾತ್ರದ ಎರಡು ಸೇಬನ್ನು ಉಗುರುಬೆಚ್ಚಗಿನ ನೀರಿನಲ್ಲಿ ಉಜ್ಜಿ ತೊಳೆಯಿರಿ, ಏಕೆಂದರೆ ಹೊಳೆಯುವ ಹಣ್ಣಿಗೆ ಮೇಣ ಬಳಿದಿರುವುದುಂಟು. ಸಿಪ್ಪೆ ತೆಗೆಯಬೇಡಿ, ಪರಿಮಳದ ಹೆಚ್ಚಿನ ಪಾಲು, ಬಣ್ಣ ಪೂರ್ತಿ ಸಿಪ್ಪೆಯಲ್ಲೇ ಇದೆ. ನಡುವಿನ ಗಟ್ಟಿ ಭಾಗವನ್ನೂ ಬೀಜವನ್ನೂ ತೆಗೆದುಬಿಡಿ, ಬೀಜ ಜಜ್ಜಿದರೆ ಕಹಿ ಬಿಡುತ್ತದೆ. ಹಣ್ಣನ್ನು ತೆಳ್ಳಗೆ ಹೆಚ್ಚಿ ಕೂಡಲೇ ನೀರಿಗೆ ಹಾಕಿ. ಹಲಗೆಯ ಮೇಲೆ ಬಿಟ್ಟರೆ ಗಾಳಿ ತಾಗಿ ಕಂದುಬಣ್ಣಕ್ಕೆ ತಿರುಗುತ್ತದೆ, ಆ ಮಂಕು ಚಹಾದಲ್ಲೂ ಕಾಣುತ್ತದೆ. ಪಾತ್ರೆ ಸ್ಟೀಲಿನದಿರಲಿ. ಹುಳಿ ಪದಾರ್ಥ ಅಲ್ಯೂಮಿನಿಯಂ ಪಾತ್ರೆಯಲ್ಲಿ ಹೆಚ್ಚು ಹೊತ್ತು ಕುದಿಯುವುದು ಒಳ್ಳೆಯದಲ್ಲ.

ಒಂದು ಲೀಟರ್ ನೀರಿಗೆ ಈ ಹೋಳುಗಳು, ಎರಡಂಗುಲದ ಒಂದು ಚಕ್ಕೆ, ಮೂರು ಲವಂಗ. ಇಷ್ಟೇ ಮಸಾಲೆ. ಏಲಕ್ಕಿ ಟರ್ಕಿಯ ಕ್ರಮದಲ್ಲಿ ಸಾಮಾನ್ಯವಾಗಿ ಇಲ್ಲ, ಅದು ಬಿದ್ದರೆ ಸೇಬು ಹಿಂದೆ ಸರಿದು ಪಾಯಸದ ನೆನಪು ಬರುತ್ತದೆ. ಚಕ್ಕೆಯ ತುಂಡನ್ನೇ ಹಾಕಿ. ಪುಡಿ ಹಾಕಿದರೆ ಲೋಳೆಯಾಗಿ ತಳಕ್ಕೆ ಕೂರುತ್ತದೆ. ಒಂದು ಕುದಿ ಬಂದ ಕೂಡಲೇ ಉರಿ ಸಣ್ಣದು ಮಾಡಿ, ಮುಚ್ಚಳ ಮುಚ್ಚಿ ಇಪ್ಪತ್ತು ನಿಮಿಷ ಬಿಡಿ. ಹತ್ತು ನಿಮಿಷ ಆದಾಗ ಲವಂಗವನ್ನು ಚಮಚದಲ್ಲಿ ಎತ್ತಿಬಿಟ್ಟರೆ ಇನ್ನೂ ಒಳ್ಳೆಯದು, ಪೂರ್ತಿ ಹೊತ್ತು ಬೆಂದ ಲವಂಗ ನಾಲಿಗೆ ಜೋಮು ಹಿಡಿಸುವಷ್ಟು ಖಾರವಾಗುತ್ತದೆ. ಒಲೆ ಆರಿಸಿ, ಮುಚ್ಚಳ ತೆಗೆಯದೆ ಮತ್ತೆ ಹತ್ತು ನಿಮಿಷ ಇಡಿ.

ಸೋಸುವಾಗ ಹೋಳುಗಳನ್ನು ಒತ್ತಿ ಹಿಂಡಬೇಡಿ. ಸೇಬಿನಲ್ಲಿ ಪೆಕ್ಟಿನ್ ಎಂಬ ಅಂಟಂಶ ಬಹಳ. ಹಿಂಡಿದರೆ ತಿಳಿಯಾದ ಚಹಾ ಗಂಜಿಯಂತೆ ಮಂದವಾಗುತ್ತದೆ. ಸೋಸಿದ್ದಕ್ಕೆ ಎರಡು ದೊಡ್ಡ ಚಮಚ ಸಕ್ಕರೆ, ಆಮೇಲೆ ಒಂದು ಸಣ್ಣ ಚಮಚ ನಿಂಬೆರಸ. ನಿಂಬೆಯನ್ನು ಕುದಿಯುವಾಗ ಹಾಕಬೇಡಿ, ಅದರ ಪರಿಮಳ ಆವಿಯಲ್ಲಿ ಹೋಗಿಬಿಡುತ್ತದೆ. ಕೆಂಪು ಸಿಪ್ಪೆಯ ಸೇಬು ಬಳಸಿದ್ದರೆ ಇಲ್ಲೊಂದು ಕ್ಷಣ ನಿಂತು ನೋಡಿ. ಅಲ್ಲಿಯವರೆಗೆ ಒಣಹುಲ್ಲಿನ ಬಣ್ಣದಲ್ಲಿ ಮಂಕಾಗಿದ್ದ ಚಹಾ ನಿಂಬೆಹನಿ ಬಿದ್ದ ಕಡೆಯಿಂದ ಎಳೆಗುಲಾಬಿಗೆ ತಿರುಗುತ್ತ ಹೋಗುತ್ತದೆ. ಸಿಪ್ಪೆಯ ಕೆಂಪಿಗೆ ಕಾರಣವಾದ ಬಣ್ಣ ಹುಳಿಯಲ್ಲಿ ಹೊಳೆಯುತ್ತದೆ. ಡಬ್ಬಿಯ ಪುಡಿಯಷ್ಟು ಗಾಢ ಬಣ್ಣ ಮಾತ್ರ ನಿರೀಕ್ಷಿಸಬೇಡಿ.

ಈಗ ಒಂದು ಗುಟುಕು ನೋಡಿ. ಸಪ್ಪೆ ಅನ್ನಿಸಿದರೆ ಕೈ ಸಕ್ಕರೆ ಡಬ್ಬಿಗೆ ಹೋಗುತ್ತದೆ, ಹೋಗದಿರಲಿ. ಮೊದಲು ನಾಲ್ಕು ಹನಿ ನಿಂಬೆ ಹಾಕಿ, ಮತ್ತೆ ನೋಡಿ. ಹತ್ತರಲ್ಲಿ ಎಂಟು ಬಾರಿ ಬೇಕಾಗಿರುವುದು ಹುಳಿಯೇ. ಸಿಹಿ, ಹುಳಿ ಸಮಕ್ಕೆ ಬಂದಾಗಲೇ ಸೇಬಿನ ರುಚಿ ತಾನಾಗಿ ಎದ್ದು ಬರುತ್ತದೆ.

ಚಹಾದ ಎಲೆಯೂ ಬೇಕೇಬೇಕು ಎನ್ನುವವರಿಗೆ ಇನ್ನೊಂದು ದಾರಿ ಇದೆ. ಟರ್ಕಿಯವರು ಒಂದರ ಮೇಲೊಂದು ಕೂರುವ ಜೋಡಿ ಕೆಟಲ್ ಬಳಸುತ್ತಾರೆ. ಕೆಳಗಿನದರಲ್ಲಿ ನೀರು ಕುದಿಯುತ್ತದೆ, ಮೇಲಿನದರಲ್ಲಿ ಎಲೆಯ ಗಟ್ಟಿ ರಸ ಕೆಳಗಿನ ಹಬೆಯ ಬಿಸಿಗೆ ಹದಿನೈದು ನಿಮಿಷ ಇಳಿಯುತ್ತದೆ. ನಮ್ಮ ಫಿಲ್ಟರ್ ಕಾಫಿಯ ಡಿಕಾಕ್ಷನ್‌ನಂತೆ ಅದನ್ನು ಲೋಟಕ್ಕೆ ಸ್ವಲ್ಪ ಸುರಿದು, ಮೇಲೆ ಬಿಸಿನೀರು ಹಾಕಿ ಬೇಕಾದಷ್ಟು ತೆಳುವಾಗಿಸಿಕೊಳ್ಳುತ್ತಾರೆ. ನೀವು ಬಿಸಿನೀರಿನ ಬದಲು ಸೋಸಿದ ಸೇಬಿನ ಕಷಾಯ ಹಾಕಿ. ಆದರೆ ನಾವು ದಿನಾ ಬಳಸುವ ಕಾಳುಕಾಳಾದ ಪುಡಿ ಇದಕ್ಕೆ ಒಗ್ಗದು. ಅದು ಹಾಲಿನ ಜೊತೆ ಸೆಣಸಲೆಂದೇ ತಯಾರಾದದ್ದು, ಕ್ಷಣದಲ್ಲಿ ಕಡುಕಪ್ಪಾಗಿ ಒಗರು ಬಿಡುತ್ತದೆ. ನೀಲಗಿರಿಯ ಉದ್ದ ಎಲೆಯ ಚಹಾ ಸಿಕ್ಕರೆ ತನ್ನಿ. ಹಾಲನ್ನು ಎರಡು ಕ್ರಮದಲ್ಲೂ ಮರೆತುಬಿಡಿ. ಹುಳಿ ತಾಗಿದ ಬಿಸಿ ಹಾಲು ಒಡೆಯುವುದು ಅದರ ಧರ್ಮ. ನಿಮ್ಮ ಹಾಲು ಕೆಟ್ಟಿರಲಿಲ್ಲ.

ಮೇಲೆ ಹೇಳಿದ ಅಳತೆಗೆ ಆರು ಸಣ್ಣ ಲೋಟ ಚಹಾ ಆಗುತ್ತದೆ. ಅಲ್ಲಿನ ಲೋಟದ ಸೊಂಟ ಕಿರಿದು, ಬಾಯಿ ಅಗಲ, ಹಿಡಿ ಇಲ್ಲ, ಕೆಳಗೊಂದು ಪುಟ್ಟ ಸಾಸರ್. ಅದನ್ನು ಅಂಚಿನ ಹತ್ತಿರ ಎರಡು ಬೆರಳಲ್ಲಿ ಹಿಡಿಯುತ್ತಾರೆ, ಅದಕ್ಕೇ ಮೇಲೆ ಒಂದು ಬೆರಳಿನಷ್ಟು ಜಾಗ ಬಿಟ್ಟು ತುಂಬಿಸಬೇಕು. ತುಂಬಿ ತುಳುಕಿದರೆ ಕೈ ಸುಡುತ್ತದೆ. ನಮ್ಮ ಮನೆಯಲ್ಲಿರುವ ಯಾವುದೇ ಸಣ್ಣ ಗಾಜಿನ ಲೋಟ ಸಾಕು, ಬಣ್ಣ ಕಾಣುವಂತಿರಲಿ. ಬಿಸಿ ಚಹಾ ಸುರಿಯುವ ಮೊದಲು ಲೋಟಕ್ಕೆ ಬಿಸಿನೀರು ಆಡಿಸಿ ಚೆಲ್ಲಿ, ಗಾಜು ಬಿರಿಯುವುದಿಲ್ಲ, ಚಹಾವೂ ಬೇಗ ಆರುವುದಿಲ್ಲ. ಇಸ್ತಾನ್‌ಬುಲ್‌ನ ದೊಡ್ಡ ಮಾರುಕಟ್ಟೆಯಾದ ಕಪಾಲಿ ಚಾರ್ಷಿಯಲ್ಲಿ ಮೇಲ್ಗಡೆ ಹಿಡಿಯಿರುವ ತೂಗುತಟ್ಟೆಯಲ್ಲಿ ಹತ್ತಾರು ಲೋಟ ಇಟ್ಟುಕೊಂಡು ಜನಜಂಗುಳಿಯ ನಡುವೆ ಹನಿಯೂ ಚೆಲ್ಲದಂತೆ ಓಡಾಡುವ ಹುಡುಗರನ್ನು ನೀವು ನೋಡಿರಬೇಕು. ಅವರ ತಟ್ಟೆಯಲ್ಲಿ ಕಪ್ಪು ಚಹಾದ ಪಕ್ಕ ಸಕ್ಕರೆಯ ಪುಟ್ಟ ಅಚ್ಚುಗಳಿರುತ್ತವೆ. ಪೂರ್ವದ ಎರ್ಜುರುಮ್ ಕಡೆಯವರು ಆ ಅಚ್ಚನ್ನು ಬಾಯಲ್ಲಿಟ್ಟುಕೊಂಡು ಅದರ ಮೇಲೆ ಚಹಾ ಹೀರುತ್ತಾರೆ. ಸೇಬಿನ ಚಹಾಕ್ಕೆ ಸಕ್ಕರೆ ಮೊದಲೇ ಬೆರೆತಿರುವುದರಿಂದ ಅಚ್ಚು ಬೇಕಿಲ್ಲ. ಜೊತೆಗೆ ಸಿಹಿ ತಿಂಡಿ ಇಟ್ಟರೆ ಚಹಾ ಬರೀ ಹುಳಿಯಾಗಿ ಕಾಣುತ್ತದೆ. ಕೋಡುಬಳೆ, ನಿಪ್ಪಟ್ಟು ಚೆನ್ನಾಗಿ ಹೊಂದುತ್ತವೆ.

ಡಬ್ಬಿಯ ಪುಡಿಯಂತೆ ಕೈಗೆ ಸುಲಭವಾಗಿ ಸಿಗುವಂತಿರಬೇಕೆಂದರೆ ಸೇಬನ್ನು ಒಣಗಿಸಿಡಬಹುದು. ತೆಳುವಾಗಿ ಹೆಚ್ಚಿ, ನಿಂಬೆ ಹಿಂಡಿದ ನೀರಿನಲ್ಲಿ ಅದ್ದಿ ತೆಗೆದು, ಒರೆಸಿ, ಬೇಸಿಗೆಯಲ್ಲಾದರೆ ತೆಳುಬಟ್ಟೆ ಮುಚ್ಚಿ ಬಿಸಿಲಿಗೆ ಇಡಿ. ಶಿವಮೊಗ್ಗದ ಮಳೆಗಾಲದಲ್ಲಿ ಬಿಸಿಲನ್ನು ನಂಬಿದರೆ ಬೂಸ್ಟು ಹಿಡಿಯುತ್ತದೆ. ಓವನ್ ಇದ್ದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಎರಡು ಗಂಟೆ, ನಡುವೆ ಒಮ್ಮೆ ತಿರುವಿ. ಮಡಿಸಿದರೆ ತೊಗಲಿನಂತೆ ಬಾಗಬೇಕು, ಒಳಗೆ ಪಸೆ ಇರಬಾರದು. ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿ. ಒಂದು ಹಿಡಿ ಒಣ ಹೋಳಿಗೆ ಅರ್ಧ ಲೀಟರ್ ನೀರು, ಉಳಿದ ಕ್ರಮ ಮೇಲಿನಂತೆಯೇ. ಒಣಗಿದಾಗ ಹಣ್ಣಿನ ಸಿಹಿ ಗಟ್ಟಿಯಾಗುವುದರಿಂದ ಸಕ್ಕರೆ ಕಡಿಮೆ ಸಾಕು.

ಸೋಸಿ ಉಳಿದ ಚಹಾ ಫ್ರಿಜ್‌ನಲ್ಲಿ ಎರಡು ದಿನ ಚೆನ್ನಾಗಿರುತ್ತದೆ. ಮತ್ತೆ ಕುದಿಸದೆ ಬಿಸಿ ಮಾತ್ರ ಮಾಡಿ, ಇಲ್ಲವೇ ತಣ್ಣಗೇ ಕುಡಿಯಿರಿ. ಮೊದಲ ಸಲ ಏಲಕ್ಕಿಯನ್ನೂ ಚಹಾ ಪುಡಿಯನ್ನೂ ದೂರವಿಟ್ಟು, ಹೇಳಿದ ಅಳತೆಯಲ್ಲೇ ಮಾಡಿ ನೋಡಿ. ಯಾವ ಸೇಬು ಬಳಸಿದಿರಿ, ನಿಂಬೆ ಎಷ್ಟು ಬೇಕಾಯಿತು ಎಂಬುದನ್ನು ದಯವಿಟ್ಟು ಬರೆದು ತಿಳಿಸಿ; ಬೇರೆ ಓದುಗರಿಗೂ ಉಪಯೋಗವಾಗುತ್ತದೆ.