ಮಡಿಲು ತುಂಬದಿದ್ದರೆ ಹೆಂಡತಿಯದೇ ದೋಷವೇ?



ಮದುವೆಯಾಗಿ ಎರಡು ಮೂರು ವರ್ಷವಾದರೂ ಮಕ್ಕಳಾಗದಿದ್ದರೆ ಆಸ್ಪತ್ರೆಗೆ ಅಲೆಯುವವಳು ಹೆಂಡತಿ. ಹರಕೆ ಹೊರುವವಳೂ ಅವಳೇ, 'ಬಂಜೆ' ಎನಿಸಿಕೊಳ್ಳುವವಳೂ ಅವಳೇ. ಗಂಡನ ಪರೀಕ್ಷೆಯ ಮಾತೆತ್ತಿದರೆ ಹಿರಿಯರು ಸಿಡುಕುತ್ತಾರೆ. ಇದು ಅನ್ಯಾಯ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡನಲ್ಲೂ ಕಾರಣವಿರುತ್ತದೆ.

ಸಿಂಧನೂರು, ಸಾಲಗುಂದ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಜಲಾಶಯ ತುಂಬಿದ್ದರೂ ಕಾಲುವೆಯಲ್ಲಿ ಹೂಳು ಕಟ್ಟಿಕೊಂಡರೆ ಕೊನೆಯ ಹೊಲಕ್ಕೆ ನೀರು ಬಾರದು. ಹೊಲವನ್ನು ಬೈದು ಫಲವೇನು?

ವೃಷಣದಲ್ಲಿ ಹುಟ್ಟಿದ ವೀರ್ಯಾಣು ಸುಮಾರು 6 ಮೀಟರ್ ಉದ್ದದ ಸುರುಳಿ ನಾಳದಲ್ಲಿ ಬಲಿತು, ವೀರ್ಯನಾಳದ ಮೂಲಕ ಹೊರಬರುತ್ತದೆ. ಸೋಂಕು, ಬಾಲ್ಯದ ಹರ್ನಿಯಾ ಆಪರೇಷನ್ನಿನಲ್ಲಾದ ಗಾಯ ಅಥವಾ ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಈ ದಾರಿ ಮುಚ್ಚಬಹುದು. ಪುರುಷತ್ವಕ್ಕೆ ಇದರಿಂದ ಕುಂದಿಲ್ಲ. ಅದಕ್ಕೆ ಬೇಕಾದ ಹಾರ್ಮೋನು ರಕ್ತದಲ್ಲಿ ಹರಿಯುತ್ತದೆ. ಆದ್ದರಿಂದಲೇ ಪರೀಕ್ಷೆಯಿಲ್ಲದೆ ದೋಷ ತಿಳಿಯದು.

ವೀರ್ಯನಾಳದ ಒಳರಂಧ್ರ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ಸೂಕ್ಷ್ಮದರ್ಶಕದಡಿ, ಕೂದಲಿಗಿಂತ ತೆಳುವಾದ ದಾರದಿಂದ ಅದನ್ನು ಹೊಲಿದು ಜೋಡಿಸುವ ವಿಧಾನ 1970ರ ದಶಕದಲ್ಲಿ ರೂಢಿಗೆ ಬಂತು. 1991ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಂತೆ, ಸಂತಾನಹರಣವಾಗಿ 3 ವರ್ಷದೊಳಗೆ ಜೋಡಿಸಿದವರಲ್ಲಿ ನೂರಕ್ಕೆ 97 ಮಂದಿಗೆ ವೀರ್ಯಾಣು ಮರಳಿತು. ನೂರಕ್ಕೆ 76 ದಂಪತಿಗಳಲ್ಲಿ ಗರ್ಭ ನಿಂತಿತು. 15 ವರ್ಷ ದಾಟಿದವರಲ್ಲಿ ಈ ಸಂಖ್ಯೆ 71 ಮತ್ತು 30ಕ್ಕೆ ಇಳಿಯಿತು. ತಡಮಾಡಬಾರದೆಂಬುದಕ್ಕೆ ಇದೇ ಸಾಕ್ಷಿ. ಸುರುಳಿ ನಾಳದಲ್ಲೇ ತಡೆಯಿದ್ದರೆ ಜೋಡಣೆ ಇನ್ನೂ ಕಠಿಣ. ಹುಟ್ಟಿನಿಂದಲೇ ವೀರ್ಯನಾಳವಿಲ್ಲದವರಿಗೆ, ವೀರ್ಯಾಣುವೇ ಹುಟ್ಟದವರಿಗೆ ಇದು ನೆರವಾಗದು.

ಧರ್ಮಸಭೆ ಇದನ್ನು ಒಪ್ಪುತ್ತದೆಯೇ? ಖಂಡಿತ. ದಾಂಪತ್ಯದ ಸಮಾಗಮದ ಸ್ಥಾನವನ್ನು ಪ್ರಯೋಗಾಲಯವು ಕಸಿದುಕೊಳ್ಳುವುದು ಬೇರೆ, ಆ ಸಮಾಗಮ ಫಲಿಸುವಂತೆ ಅಡ್ಡಿ ತೆಗೆಯುವುದು ಬೇರೆ. 1987ರ 'ದೋನುಂ ವೀತೆ' ಮೊದಲನೆಯದನ್ನು ತಳ್ಳಿಹಾಕಿತು. 2008ರ 'ದಿಗ್ನಿತಾತಿಸ್ ಪೆರ್ಸೋನೆ' ಎರಡನೆಯದನ್ನು ಒಪ್ಪಿ, ಹೆಂಡತಿಯ ಮುಚ್ಚಿದ ಗರ್ಭನಾಳ ತೆರೆಯುವ ಶಸ್ತ್ರಚಿಕಿತ್ಸೆಯನ್ನು ಉದಾಹರಣೆಯಾಗಿ ಹೆಸರಿಸಿತು. ಗಂಡನ ನಾಳಕ್ಕೂ ಅದೇ ನ್ಯಾಯ.

ಆದ್ದರಿಂದ ಗಂಡಂದಿರೇ, ಹೆಂಡತಿಯೊಂದಿಗೆ ನೀವೂ ವೈದ್ಯರ ಬಳಿಗೆ ಹೋಗಿ. ಅತ್ತೆ ಮಾವಂದಿರೇ, ಸೊಸೆಯನ್ನು ತವರಿಗೆ ಅಟ್ಟುವ ಮಾತು ಬಿಡಿ. ಚಿಕಿತ್ಸೆ ಫಲಿಸದಿದ್ದರೂ ವಿವಾಹ ಸಂಸ್ಕಾರ ಅಪೂರ್ಣವಾಗದು. ಮಗು ನಮಗೆ ಸಲ್ಲಬೇಕಾದ ಬಾಕಿಯಲ್ಲ, ದೇವರ ಕೊಡುಗೆ. ತಾಯ್ತಂದೆಯರಿಲ್ಲದ ಮಗುವಿಗೆ ತೆರೆದ ಮನೆಯೂ ತುಂಬಿದ ಮನೆಯೇ.