ಉಪವಾಸದ ತಲೆನೋವು: ಕಾಫಿ ಮತ್ತು ಆಸ್ಪಿರಿನ್ ಬಳಕೆಯಲ್ಲಿ ವಿವೇಕ

ಪ್ರೋಷಧೋಪವಾಸವು ಸಪ್ತಮಿಯ ಏಕಭುಕ್ತದಿಂದ ಆರಂಭವಾಗಿ, ಅಷ್ಟಮಿಯಂದು ಚತುರ್ವಿಧ ಆಹಾರತ್ಯಾಗದಿಂದ ನಡೆದು, ನವಮಿಯ ಏಕಭುಕ್ತದೊಡನೆ ಮುಗಿಯುತ್ತದೆ. ಈ ವ್ರತವನ್ನು ಕೈಗೊಂಡ ಅನೇಕ ಗೃಹಸ್ಥರಿಗೆ ಅಷ್ಟಮಿಯ ಬೆಳಗ್ಗೆ ತಲೆನೋವು ತಲೆದೋರುತ್ತದೆ. ಸ್ವಾಧ್ಯಾಯದಲ್ಲಿ ಮನಸ್ಸು ನೆಲೆಗೊಳ್ಳದು. ಸಾಮಾಯಿಕದಲ್ಲಿ ಚಿತ್ತ ನಿಲ್ಲದು. ಇದನ್ನು ಹಸಿವೆಯ ಫಲವೆಂದೇ ಬಗೆದು ಕೆಲವರು ಮುಂದೆ ಉಪವಾಸವನ್ನೇ ಕೈಬಿಡುತ್ತಾರೆ. ಕೆಲವರು ಬರಿಹೊಟ್ಟೆಯಲ್ಲಿ ಆಸ್ಪಿರಿನ್ ಗುಳಿಗೆ ನುಂಗುತ್ತಾರೆ. ಎರಡಕ್ಕೂ ಮೊದಲು ನೋವಿನ ಕಾರಣವನ್ನು ಅರಿಯುವುದು ಉಚಿತ.

ನೋವಿನ ಮೂಲ

ಹಸಿವು, ಬಾಯಾರಿಕೆಗಳಿಂದ ತಲೆನೋವು ಬರುವುದುಂಟು. ಆದರೆ ನಿತ್ಯವೂ ಕಾಫಿ ಕುಡಿಯುವವರಲ್ಲಿ ಬಹಳ ಸಲ ಅದರ ಕಾರಣ ಕೆಫೀನ್. 1819ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ರುಂಗೆ ಕಾಫಿ ಬೀಜದಿಂದ ಬೇರ್ಪಡಿಸಿದ ವಸ್ತುವಿದು. ಮೆದುಳಿಗೆ ಆಯಾಸವನ್ನು ತಿಳಿಸುವ ಅಡಿನೋಸಿನ್ ಎಂಬ ದ್ರವ್ಯವನ್ನು ಕೆಫೀನ್ ತಡೆಯುತ್ತದೆ. ದಿನವೂ ಹೀಗೆ ತಡೆದಾಗ ಮೆದುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ಕಾಫಿ ಒಮ್ಮೆಲೇ ನಿಂತರೆ ತಲೆಯ ರಕ್ತನಾಳಗಳು ಹಿಗ್ಗಿ ನೋವು ಹುಟ್ಟುತ್ತದೆ. ಕೊನೆಯ ಕಾಫಿಯಾದ 12ರಿಂದ 24 ಗಂಟೆಗಳೊಳಗೆ ಇದು ಆರಂಭವಾಗುತ್ತದೆ. ಸಪ್ತಮಿಯ ಮಧ್ಯಾಹ್ನ ಕುಡಿದ ಕಾಫಿಯ ಲೆಕ್ಕ ಅಷ್ಟಮಿಯ ಬೆಳಗಿಗೇ ಬಂದು ನಿಲ್ಲುತ್ತದೆ.

ಪೂರ್ವಸಿದ್ಧತೆ

ಆದುದರಿಂದ ಪರ್ವಕ್ಕೆ ಎಂಟು-ಹತ್ತು ದಿನ ಮುಂಚಿನಿಂದಲೇ ಕಾಫಿಯನ್ನು ಕ್ರಮವಾಗಿ ಇಳಿಸಬೇಕು. ಮೂರು ಲೋಟ ಕುಡಿಯುವವರು ಎರಡಕ್ಕೆ, ಬಳಿಕ ಒಂದಕ್ಕೆ, ಅನಂತರ ತೆಳುವಾದ ಡಿಕಾಕ್ಷನ್ನಿನ ಅರ್ಧ ಲೋಟಕ್ಕೆ ಬರಬೇಕು. ಚಹದಲ್ಲಿಯೂ ಕೆಫೀನ್ ಉಂಟೆಂಬುದನ್ನು ಮರೆಯಬಾರದು. ಇತರ ದಿನಗಳಲ್ಲಿಯೂ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ, ಗರ್ಭಿಣಿಯರಿಗೆ 200 ಮಿಲಿಗ್ರಾಂ ಕೆಫೀನ್ ಮಿತಿಯೆಂದು ವೈದ್ಯರು ಹೇಳುತ್ತಾರೆ.

ಆಸ್ಪಿರಿನ್ನಿನ ಗುಣದೋಷ

1899ರಿಂದ ಮಾರಾಟದಲ್ಲಿರುವ ಆಸ್ಪಿರಿನ್ ನೋವು, ಜ್ವರಗಳನ್ನು ತಗ್ಗಿಸುವ ಉಪಯುಕ್ತ ಔಷಧ. ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ದ್ರವ್ಯಗಳ ಉತ್ಪತ್ತಿಯನ್ನು ಅದು ತಡೆಯುವುದೆಂದು 1971ರಲ್ಲಿ ಜಾನ್ ವೇನ್ ತೋರಿಸಿಕೊಟ್ಟರು. ಆದರೆ ಜಠರದ ಒಳಪೊರೆಯನ್ನು ಆಮ್ಲದಿಂದ ಕಾಪಾಡುವುದೂ ಅದೇ ದ್ರವ್ಯಗಳು. ಆದ್ದರಿಂದ ಈ ಗುಳಿಗೆಯಿಂದ ಹೊಟ್ಟೆಯುರಿ, ಹುಣ್ಣು, ಕೆಲವೊಮ್ಮೆ ರಕ್ತಸ್ರಾವವೂ ಸಂಭವಿಸಬಹುದು. ಆಹಾರದ ನಂತರ, ತುಂಬು ಲೋಟ ನೀರಿನೊಡನೆ ಅದನ್ನು ಸೇವಿಸಬೇಕೆಂಬ ನಿಯಮ ಇದಕ್ಕಾಗಿಯೇ. ನಿರ್ಜಲ ಉಪವಾಸದಲ್ಲಿ ಈ ಎರಡೂ ಸಾಧ್ಯವಿಲ್ಲ. ಮಲವು ಡಾಂಬರಿನಂತೆ ಕಪ್ಪಾದರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

ಜಠರದ ಹುಣ್ಣು ಇರುವವರು, ಆಸ್ಪಿರಿನ್ನಿನಿಂದ ಉಬ್ಬಸ ಕೆರಳುವವರು, ಡೆಂಗೆ ಜ್ವರದ ಸಂಶಯವಿರುವವರು ಅದನ್ನು ಸೇವಿಸಬಾರದು. ಗರ್ಭಿಣಿಯರಿಗೂ 16 ವರ್ಷದೊಳಗಿನ ಮಕ್ಕಳಿಗೂ ವೈದ್ಯರ ಸಲಹೆಯಿಲ್ಲದೆ ಕೊಡಬಾರದು. ಮಕ್ಕಳಲ್ಲಿ ಅಪರೂಪವಾಗಿ ರೇ ಸಿಂಡ್ರೋಮ್ ಎಂಬ ಮಾರಕ ವ್ಯಾಧಿಗೆ ಅದು ಕಾರಣವಾಗಬಹುದು. ತಲೆನೋವಿನ ಕೆಲವು ಗುಳಿಗೆಗಳಲ್ಲಿ ಕೆಫೀನೂ ಬೆರೆತಿರುತ್ತದೆ. ಅವುಗಳನ್ನು ಪದೇ ಪದೇ ನುಂಗಿದರೆ ಔಷಧವೇ ತಲೆನೋವಿಗೆ ಕಾರಣವಾಗುತ್ತದೆ.

ಹೃದ್ರೋಗಿಗಳು ಗಮನಿಸಬೇಕಾದುದು

ಹೃದಯದ ರಕ್ಷಣೆಗಾಗಿ ವೈದ್ಯರ ಆದೇಶದಂತೆ ನಿತ್ಯವೂ ಅಲ್ಪ ಪ್ರಮಾಣದ ಆಸ್ಪಿರಿನ್ ಸೇವಿಸುವವರ ವಿಷಯ ಬೇರೆ. ವ್ರತದ ನೆಪದಿಂದ ಅವರು ತಾವಾಗಿಯೇ ಔಷಧವನ್ನು ನಿಲ್ಲಿಸಿದರೆ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೇ ಅಪಾಯವಾಗಬಹುದು. ಪರ್ವಕ್ಕೆ ಮೊದಲೇ ವೈದ್ಯರನ್ನು ಕಂಡು, ಏಕಾಶನದ ಹೊತ್ತಿನಲ್ಲಿ ಗುಳಿಗೆ ಸೇವಿಸುವ ಕ್ರಮವನ್ನು ಗೊತ್ತುಮಾಡಿಕೊಳ್ಳುವುದು ಯೋಗ್ಯ. ಅಂಥವರಿಗೆ ಉಪವಾಸಕ್ಕಿಂತ ಏಕಾಶನವೇ ಲೇಸು.

ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿಗೆ 'ಶಕ್ತಿತಃ' ಎಂಬ ವಿಶೇಷಣವಿದೆ. ಶಕ್ತಿಯನ್ನು ಮರೆಮಾಚುವುದೂ ಸಲ್ಲದು, ಮೀರುವುದೂ ಸಲ್ಲದು. ವೇದನೆಯನ್ನೇ ನೆನೆಯುತ್ತ ಕಳೆದ ಉಪವಾಸ ಆರ್ತಧ್ಯಾನಕ್ಕೆ ಎಡೆಗೊಡುತ್ತದೆ. ಪರ್ವಕ್ಕೆ ಹತ್ತು ದಿನ ಮೊದಲು ಬಿಟ್ಟ ಒಂದು ಲೋಟ ಕಾಫಿಯೂ ಆ ವ್ರತದ ಅಂಗವೇ ಆಗಿದೆ.