ಮೊದಲು ಟೇಪು, ಆಮೇಲೆ ಘೋಷಣೆ

ಹೊಸಪೇಟೆ–ಶಿವಮೊಗ್ಗ ರಾಜ್ಯ ಹೆದ್ದಾರಿ ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಮೂಲಕವೇ ಹಾಯುತ್ತದೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಟ್ರ್ಯಾಕ್ಟರು, ಲಾರಿ, ಬಸ್ಸು ಎದುರುಬದುರಾಗಿ ನಿಂತರೆ ಆಂಬುಲೆನ್ಸಿಗೂ ದಾರಿ ಸಿಗುವುದಿಲ್ಲ. ರಸ್ತೆ ಅಗಲವಾಗಲೇಬೇಕು ಎಂಬುದರಲ್ಲಿ ನಮ್ಮ ಬೀದಿಯ ವ್ಯಾಪಾರಸ್ಥರಿಗೆ ಎರಡು ಮಾತಿರಲಿಲ್ಲ. ಆದರೂ ನಾವು ವಿರೋಧಿಸಿದೆವು. ಅದರಿಂದ ಕಲಿತದ್ದು ಕೂಡ್ಲಿಗಿ, ಕೊಟ್ಟೂರು, ಹಡಗಲಿಯವರಿಗೂ ನಾಳೆ ಬೇಕಾದೀತು ಎಂದು ಬರೆಯುತ್ತಿದ್ದೇನೆ.

ನೋಟಿಸು ಇಲ್ಲದೆ ಅಂಗಡಿ ಕಂಬಗಳ ಮೇಲೆ ರಸ್ತೆ ಅಗಲೀಕರಣದ ಕೆಂಪು ಗೆರೆ ಬಿದ್ದಿತ್ತು. ನಮ್ಮ ಸಾಲಿನಲ್ಲಿ ಅದು ಶಟರ್ ದಾಟಿ ಒಳಗೆ ಬಂದಿತ್ತು. ಎದುರು ಸಾಲಿನಲ್ಲಿ ಮೆಟ್ಟಿಲ ಹತ್ತಿರವೇ ನಿಂತಿತ್ತು. ಹುಡುಗರು ರಸ್ತೆ ತಡೆಗೆ ಎದ್ದರು. ಹಿರಿಯ ವಕೀಲರೊಬ್ಬರು ತಡೆದು, "ಮೊದಲು ಟೇಪು ಹಿಡೀರಪ್ಪ, ಆಮೇಲೆ ಘೋಷಣೆ ಕೂಗೀರಂತೆ" ಅಂದರು. ರಸ್ತೆಯ ನಡುಮಧ್ಯದಿಂದ ಎರಡೂ ಕಡೆ ಅಳೆದು, ಯಾರದು ಎಷ್ಟು ಅಡಿ ಹೋಗುತ್ತದೆ ಎಂದು ಪಟ್ಟಿ ಮಾಡಿ, ಫೋಟೊ ಅಂಟಿಸಿ ಅರ್ಜಿ ಕೊಟ್ಟೆವು. ಮಾಹಿತಿ ಹಕ್ಕಿನಡಿ ನಕ್ಷೆಯನ್ನೂ ಕೇಳಿದೆವು. ಸರ್ಕಾರಿ ಜಾಗಕ್ಕೆ ಚಾಚಿಕೊಂಡಿದ್ದ ತಗಡಿನ ಶೀಟುಗಳನ್ನು ನಾವೇ ಬಿಚ್ಚಿದೆವು. ಆಮೇಲೆ ನಮ್ಮನ್ನು ಅಭಿವೃದ್ಧಿಯ ವಿರೋಧಿಗಳು ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಸರ್ವೆಯವರು ಮತ್ತೆ ಬಂದು ಅಳೆದರು.

ಕಾಯ್ದೆ ಓದಿದ್ದು ಇನ್ನೊಂದು ಬಲ. 2013ರ ಭೂಸ್ವಾಧೀನ ಕಾಯ್ದೆಯಡಿ ಜಾಗ ತೆಗೆದುಕೊಂಡರೆ, ಪ್ರಾಥಮಿಕ ಅಧಿಸೂಚನೆಯಿಂದ 60 ದಿನದೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಲೆಕ್ಕ ಹಾಕಿದ ಪರಿಹಾರದ ಮೇಲೆ ಅಷ್ಟೇ ಮೊತ್ತ ಹೆಚ್ಚುವರಿಯಾಗಿ ಸೇರುತ್ತದೆ. ಹಣ ಕೈ ಸೇರಿದ ಮೇಲೆಯೇ ಜಾಗ ಬಿಟ್ಟುಕೊಡುವುದು. ಈ ಕೊನೆಯ ಮಾತಿಗೆ ನಮ್ಮ ಸೀಮೆಯ ಹಿರಿಯರು ಪಟ್ಟು ಹಿಡಿದದ್ದಕ್ಕೆ ಕಾರಣವಿದೆ. ತುಂಗಭದ್ರಾ ಜಲಾಶಯದಲ್ಲಿ ನಾರಾಯಣದೇವರಕೆರೆ ಮುಳುಗಿ, ಅಲ್ಲಿಯವರು ಮರಿಯಮ್ಮನಹಳ್ಳಿಯಲ್ಲಿ ಹೊಸದಾಗಿ ಬದುಕು ಕಟ್ಟಿಕೊಂಡದ್ದನ್ನು ಕೇಳುತ್ತಲೇ ಬೆಳೆದವರು ಅವರು.

ನನ್ನನ್ನು ಹೆಚ್ಚು ಕಾಡಿದ್ದು ಪಟ್ಟಿಯಲ್ಲಿ ಹೆಸರೇ ಇಲ್ಲದವರ ಪಾಡು. ಅಂಗಡಿ ಮಾಲೀಕನ ಹತ್ತಿರ ಖಾತೆ ಇರುತ್ತದೆ. ಬಾಡಿಗೆಗೆ ಹೊಲಿಗೆ ಮಿಷನ್ ಇಟ್ಟವನ ಹತ್ತಿರ, ಮಿರ್ಚಿ ಬಂಡಿಯವಳ ಹತ್ತಿರ ಏನಿರುತ್ತದೆ? ಆದರೆ ಮೂರು ವರ್ಷದಿಂದ ಅಲ್ಲೇ ದುಡಿದು ಬದುಕುವವರನ್ನೂ ಅದೇ ಕಾಯ್ದೆ ಬಾಧಿತ ಕುಟುಂಬ ಎನ್ನುತ್ತದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಬಂಡಿ ಎತ್ತಿಸಲು 30 ದಿನದ ನೋಟಿಸು ಬೇಕು. ಅವರ ವಿದ್ಯುತ್ ಬಿಲ್ಲು, ಬಾಡಿಗೆ ಚೀಟಿ, ಹಳೆಯ ಫೋಟೊಗಳನ್ನು ಒಟ್ಟುಮಾಡಿ ನಮ್ಮ ಅರ್ಜಿಗೇ ಸೇರಿಸಿದೆವು.

ನಿಮ್ಮ ಬೀದಿಗೆ ಗೆರೆ ಬಿದ್ದರೆ ಮೊದಲ ಸಭೆಗೇ ಇವರನ್ನೆಲ್ಲ ಕರೆಯಿರಿ. ಖಾತೆದಾರರಷ್ಟೇ ಸೇರಿದರೆ ಒಬ್ಬೊಬ್ಬರೂ ತಮ್ಮ ಎರಡು ಅಡಿ ಉಳಿಸಿಕೊಳ್ಳಲು ಹಿಂಬಾಗಿಲು ಹುಡುಕುತ್ತಾರೆ, ಒಗ್ಗಟ್ಟು ಮುರಿಯುತ್ತದೆ. ಜೊತೆಗೆ ಫುಟ್‌ಪಾತು, ಚರಂಡಿ, ಬಂಡಿಗಳಿಗೆ ಜಾಗ ನಕ್ಷೆಯಲ್ಲೇ ಇರಲಿ ಎಂದು ಬರೆದುಕೊಡಿ. ಅವಿಲ್ಲದೆ ಅಗಲವಾದ ರಸ್ತೆ ಲಾರಿ ನಿಲ್ಲಿಸುವ ಜಾಗವಾಗುತ್ತದೆ. ಕಳೆದುಕೊಂಡವರ ತ್ಯಾಗಕ್ಕೆ ಬೆಲೆಯೇ ಉಳಿಯುವುದಿಲ್ಲ.